ಬೂದಿ ದಿಣ್ಣೆಯ ಸುಗಂಧರಾಜ

ಮದುವೆಮನೆಯಲ್ಲಿ ಸುಗಂಧರಾಜದ ಹಾರ ಘಮ್ಮೆಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಒಲೆಯ ಬೂದಿ.

ನಾನು ಚಿಕ್ಕವಳಿದ್ದಾಗ ಮದ್ದೂರಿನ ಹತ್ತಿರದ ನಮ್ಮೂರಿಗೆ ಆಗಷ್ಟೇ ನಾಲೆಯ ನೀರು ಬಂದಿತ್ತು. ಆ ಸಡಗರದಲ್ಲಿ ಜನ ಹಿತ್ತಲಿನ ಹೂಗಿಡಗಳಿಗೂ ನೀರು ಕಟ್ಟಿದರು. ನಮ್ಮಜ್ಜಿ ಮಾತ್ರ ಮೊಣಕಾಲೆತ್ತರಕ್ಕೆ ಮಣ್ಣಿನ ದಿಣ್ಣೆ ಮಾಡಿ, ಅದರ ಮೇಲೆ ಸುಗಂಧರಾಜದ ಗೆಡ್ಡೆ ಊರಿದಳು. ಬುಟ್ಟಿಯಲ್ಲಿ ಬೂದಿ ಹೊತ್ತು ಬುಡಕ್ಕೆ ಹಾಕುವ ಕೆಲಸ ಏಳು ವರ್ಷದ ನನ್ನದು.

"ನಾಲೆ ನೀರು ಅರೀತಾ ಅದೆ, ನೀನು ಬೂದಿ ಆಕುಸ್ತಿದ್ದೀಯಲ್ಲವ್ವ!" ಎಂದು ಪಟೇಲರು ಬೇಲಿಯಾಚೆ ನಿಂತು ನಕ್ಕರು.

"ನೀರು ಎಚ್ಚಾದ್ರೆ ಗೆಡ್ಡೆ ಕೊಳ್ತೋಯ್ತದೆ ಕಣಪ್ಪ, ಬೂದಿ ತ್ಯಾವ ಈರ್ಕೊತದೆ" ಎಂದಳು ಅಜ್ಜಿ.

ಆಯುಧಪೂಜೆಯ ಮಧ್ಯಾಹ್ನ ಅದೇ ಪಟೇಲರು ನಮ್ಮ ಹಿತ್ತಲಿಗೆ ಬಂದರು. ನೀರು ಕಟ್ಟಿದ್ದ ಅವರ ಸುಗಂಧರಾಜದ ಗೆಡ್ಡೆಗಳೆಲ್ಲ ಕೆಸರಿನಲ್ಲಿ ಕೊಳೆತುಹೋಗಿದ್ದವು. ನಮ್ಮ ದಿಣ್ಣೆಯ ತುಂಬ ಬೆಳ್ಳನೆಯ ಹೂ ನಿಂತಿತ್ತು.

"ನೇಗಿಲಿಗೆ ಮುಡ್ಸಕೆ ನಾಕು ಕಡ್ಡಿ ಊವ ಕೊಡವ್ವ."

ಅಜ್ಜಿ ಅಕ್ಕಿ ಕೇರುತ್ತಿದ್ದವಳು ತಲೆಯೆತ್ತಲಿಲ್ಲ. "ನನ್ನ ಕೇಳ್ಬ್ಯಾಡ. ಬೂದಿ ಒತ್ತೋಳು ಅವ್ಳು, ಅವ್ಳ್ನೇ ಕೇಳು."

ಕಂಡರೆ ಊರೇ ಎದ್ದು ನಿಲ್ಲುತ್ತಿದ್ದ ಪಟೇಲರು ನನ್ನೆದುರು ಕುಕ್ಕರಗಾಲಲ್ಲಿ ಕೂತು, "ಕೊಡ್ತೀಯೇನವ್ವ?" ಎಂದರು.

ನಾನು ಬೂದಿ ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡೆ.

"ಊವೂ ಕೊಡ್ತೀನಿ, ಗೆಡ್ಡೆನೂ ಕೊಡ್ತೀನಿ. ನೀರು ಮಾತ್ರ ಕಟ್ಬ್ಯಾಡಿ."

ಅಜ್ಜಿಯ ಕೈಯಲ್ಲಿದ್ದ ಮೊರ ನಿಂತುಬಿಟ್ಟಿತು; ಅವಳು ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು.