ಫಿಲ್ಟರಿನೊಳಗಿನ ಹೊಳೆ

"ಅದನ್ನ ಬಿಚ್ಚಬ್ಯಾಡಣ್ಣ. ಪ್ಲಾಸ್ಟಿಕ್ ಮುರೀತೈತೆ. ನಾಳೆ ನಾನೇ ಗ್ಯಾರೇಜಿಗೆ ತಗಂಡು ಹೋಗ್ತೀನಿ."

ತಮ್ಮ ಸತೀಶ್ ಕುಮಾರ್ ಹೀಗೆ ಹೇಳಿದ್ದು ಅದು ಮೂರನೇ ಸಲ. ಭೀಮೇಶ್ ಕಿವಿಗೆ ಹಾಕಿಕೊಳ್ಳಲಿಲ್ಲ. ಚನ್ನಗಿರಿಯ ಮನೆಯ ಮುಂದೆ ಕಾರಿನ ಎಡಬಾಗಿಲು ತೆಗೆದು, ಮೊಬೈಲನ್ನು ಸೀಟಿಗೆ ಒರಗಿಸಿ, ವಿಡಿಯೊ ನೋಡುತ್ತ ಸೀಟಿನ ಎದುರಿನ ಗ್ಲೋವ್ ಬಾಕ್ಸನ್ನು ಎರಡೂ ಬದಿಯಿಂದ ಒತ್ತುತ್ತಿದ್ದ. ಒಂದು ತಿಂಗಳಿಂದ ಎ.ಸಿ. ಹಾಕಿದರೆ ಸಾಕು, ಕೊಳೆತ ಕೆರೆಯ ವಾಸನೆ. ಗಾಳಿ ಸೋಸುವ ಫಿಲ್ಟರ್ ಬದಲಿಸಲು ಹತ್ತು ನಿಮಿಷ ಮತ್ತು ಎರಡು ಕೈ ಸಾಕು ಎನ್ನುತ್ತಿದ್ದ ವಿಡಿಯೊದವನು. ಭೀಮೇಶನ ಬಳಿ ಎರಡೂ ಇದ್ದವು, ಮೇಲಾಗಿ ಭಾನುವಾರ.

ಹೊಸ ಫಿಲ್ಟರ್ ಮಾತ್ರ ಇನ್ನೂ ಅವ್ವನ ವಶದಲ್ಲಿತ್ತು. ಮನೆಗೆ ಬಂದ ಯಾವ ಹೊಸ ಸಾಮಾನೂ ದೇವರ ಮುಂದೆ ಕೂತು, ಹರಳೆಣ್ಣೆಯಲ್ಲಿ ಕಲಸಿದ ಕುಂಕುಮದ ಮೂರು ಬೊಟ್ಟು ಇಡಿಸಿಕೊಳ್ಳದೆ ಕೆಲಸಕ್ಕೆ ಇಳಿಯುವಂತಿಲ್ಲ. ಅದು ಶಂಕ್ರಮ್ಮನ ಕಾನೂನು. ಮಿಕ್ಸಿ, ಗ್ಯಾಸಿನ ರೆಗ್ಯುಲೇಟರ್, ಮೊನ್ನೆ ಬಂದ ಫೋನ್ ಚಾರ್ಜರ್, ಯಾವುದೂ ತಪ್ಪಿಸಿಕೊಂಡಿಲ್ಲ.

"ತೊಳದ್ರೂ ಹೋಗಂಗಿಲ್ಲ ನೋಡು," ಎಂದು ಫಿಲ್ಟರಿನ ಚೌಕಟ್ಟಿಗೆ ಬೊಟ್ಟಿಟ್ಟು ಮಗನ ಕೈಗೆ ಕೊಟ್ಟಳು.

ಗ್ಲೋವ್ ಬಾಕ್ಸ್ ಕಳಚಿ ಕೆಳಗೆ ಜೋತುಬಿತ್ತು. ಅದರ ಹಿಂದೆ ಉದ್ದನೆಯ ಮುಚ್ಚಳ. ಭೀಮೇಶ್ ಅದನ್ನು ಕಿತ್ತು ಹಳೆಯ ಫಿಲ್ಟರನ್ನು ಹೊರಗೆಳೆದ.

ಬಂದದ್ದು ಧೂಳಲ್ಲ, ಹೂಳು. ಕಾಗದದ ಮಡಿಕೆಗಳ ತುಂಬ, ಚೌಕಟ್ಟಿನ ಸುತ್ತ, ಒಣಗಿ ಬಿರುಕು ಬಿಟ್ಟ ಹೂಳು. ಜೊಂಡಿನ ಎಳೆಗಳು. ಒಂದು ಮಡಿಕೆಯಲ್ಲಿ ಕಡಲೆಕಾಳಿನಷ್ಟು ದಪ್ಪದ ಸತ್ತ ಬಸವನಹುಳು.

ಬಸವನಹುಳು ಗಾಳಿಯಲ್ಲಿ ಹಾರಿ ಬರುವುದಿಲ್ಲ. ಈ ಕಾರು ಮುಳುಗಿದ ಕಾರು.

ಸತೀಶ ಬಗ್ಗಿ ಫಿಲ್ಟರನ್ನು ನೋಡಿದ. ಆಮೇಲೆ, "ಓಬಳೇಶಣ್ಣನ ಕಾಲದ್ದೇ ಇರಬೇಕು," ಅಂದ. "ನಮ್ಮ ಕೈಗೆ ಬಂದ್ಮ್ಯಾಲೆ ಇದನ್ನ ಯಾರು ಬಿಚ್ಚಿದಾರೆ?"

ಭೀಮೇಶನಂತೂ ಬಿಚ್ಚಿರಲಿಲ್ಲ. ಕಾರಿನ ಸರ್ವೀಸಿನ ಉಸಾಬರಿಯೆಲ್ಲ ಮೊದಲಿನಿಂದಲೂ ತಮ್ಮನದು.

ಸವಳಂಗದ ಓಬಳೇಶ ಹಾಸ್ಟೆಲಿನಲ್ಲಿ ಐದು ವರ್ಷ ಭೀಮೇಶನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ಅಪ್ಪ ಸತ್ತ ದಿನ ಹೆಗಲು ಕೊಟ್ಟವನು. ಎರಡು ವರ್ಷದ ಹಿಂದೆ ತನ್ನ ಕಾರನ್ನು ಭೀಮೇಶನಿಗೆ ಮಾರುವಾಗ, "ನೀರಿಗೆ ಇಳಿದಿಲ್ಲ, ಏಟು ತಿಂದಿಲ್ಲ, ಕಣ್ಮುಚ್ಕಂಡು ತಗಂಡು ಹೋಗು," ಅಂದಿದ್ದ. ಭೀಮೇಶ್ ಕಣ್ಣು ಮುಚ್ಚಿಕೊಂಡೇ ತಂದಿದ್ದ. ಅದಕ್ಕೂ ಮೊದಲು ಓಬಳೇಶ ಹೊನ್ನಾಳಿಯಲ್ಲಿ ಹೊಳೆದಂಡೆಯ ಬಾಡಿಗೆ ಮನೆಯಲ್ಲಿ ಮೂರು ವರ್ಷ ಇದ್ದದ್ದು ಈಗ ನೆನಪಿಗೆ ಬಂತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದ.

"ಹೋಗ್ಲಿ ಬಿಡಣ್ಣ. ಆಗಿದ್ದಾಯ್ತು."

"ಕಾರು ಹತ್ತು," ಅಂದ ಭೀಮೇಶ್. ಹೊಸ ಫಿಲ್ಟರನ್ನು ತೂರಿಸಿ, ಹಳೆಯದನ್ನು ಚೀಲಕ್ಕೆ ಹಾಕಿಕೊಂಡ.

ಸವಳಂಗದಲ್ಲಿ ಕಾರಿನ ಸದ್ದು ಕೇಳಿದ್ದೇ ಓಬಳೇಶನ ಮಗಳು ರಕ್ಷಾ ಓಡಿಬಂದಳು. ಭೀಮೇಶ್ ಮಾಮ ಬಂದರೆ ಮಿಠಾಯಿ ಗ್ಯಾರಂಟಿ. ಅವತ್ತು ಚೀಲದಿಂದ ಹೊರಬಂದದ್ದು ಫಿಲ್ಟರ್. ಭೀಮೇಶ್ ಅದನ್ನು ಜಗಲಿಗೆ ಎಸೆದ.

"ಏನೋ ಇದು?" ಅಂದ ಓಬಳೇಶ.

"ನಿನ್ನ ಸ್ನೇಹ."

ಓಬಳೇಶ ಅದನ್ನು ಎತ್ತಿ, ತಿರುಗಿಸಿ ತಿರುಗಿಸಿ ನೋಡಿದ. "ಭೀಮೇಶ, ನನ್ ತಾವ ಇರೋಗಂಟ ಈ ಗಾಡಿ ಹೊಳೆ ನೀರು ಮುಟ್ಟಿಲ್ಲ. ರಕ್ಷಾನ ಮ್ಯಾಲೆ ಆಣೆ."

"ಮಗಳ ಮ್ಯಾಲೆ ಸುಳ್ಳಾಣೆ ಇಡ್ತೀಯಲ್ಲೋ, ಥೂ!"

ಅಕ್ಕಪಕ್ಕದವರು ಹೊರಗೆ ಬಂದಿದ್ದರು. ಆಡಿದ ಮಾತು ಎಲ್ಲರ ಎದುರು ಬಿದ್ದಿತ್ತು. ಓಬಳೇಶನ ಮುಖ ಕಪ್ಪಿಟ್ಟಿತು. ಅವನು ಭೀಮೇಶನನ್ನು ಬಿಟ್ಟು ಸತೀಶನ ಕಡೆ ತಿರುಗಿದ.

"ಸತೀಶ, ನೀನಾರ ಹೇಳಪ್ಪ."

"ನಾನೇನು ಹೇಳ್ಲಿ," ಅಂದ ಸತೀಶ, ನೆಲ ನೋಡುತ್ತ. "ಫಿಲ್ಟರೇ ಹೇಳ್ತೈತಲ್ಲಣ್ಣ."

ಓಬಳೇಶ ಫಿಲ್ಟರನ್ನು ಭೀಮೇಶನ ಕೈಗೆ ವಾಪಸು ಇಟ್ಟ. "ಇನ್ನ ಈ ಹೊಸ್ತಿಲು ತುಳೀಬ್ಯಾಡ. ನಾನು ಸತ್ರೂ ಬರಬ್ಯಾಡ." ಮಗಳ ಕೈ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ವಾಪಸು ಬರುವಾಗ ಸತೀಶ ಕಾರು ಓಡಿಸಿದ. ಎ.ಸಿ.ಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಭೀಮೇಶ್ ಕಿಟಕಿಯ ಕಡೆ ಮುಖ ಮಾಡಿ ಅತ್ತ. ಇಪ್ಪತ್ತು ವರ್ಷದ ಗೆಳೆತನ ಒಂದು ಬೆಳಗಿಗೆ ಮುಗಿದಿತ್ತು. ಸದ್ಯ, ಒಡಹುಟ್ಟಿದವನಾದರೂ ಇದ್ದಾನೆ. ಹೋದ ತಿಂಗಳು ಹೊನ್ನಾಳಿಗೆ ಗೆಳೆಯನ ಮಗುವಿನ ನಾಮಕರಣಕ್ಕೆಂದು ಕಾರು ಒಯ್ದವನು, ಮಳೆ ಹಿಡಿಯಿತೆಂದು ಎಂಟು ದಿನ ಬಿಟ್ಟು ಬಂದ. ಬಂದದ್ದು ಬರಿಗೈಯಲ್ಲಲ್ಲ. ಅಣ್ಣನಿಗೆಂದು ಹೊಸ ಸೀಟ್ ಕವರ್ ಹಾಕಿಸಿ, ಅತ್ತರಿನ ಬಾಟಲಿ ಇಟ್ಟು, ಕಾರನ್ನು ಫಳಫಳ ಹೊಳೆಸಿ ತಂದಿದ್ದ.

ಭೀಮೇಶ್ ತಮ್ಮನ ಭುಜದ ಮೇಲೆ ಕೈಯಿಟ್ಟ. "ನೀನೊಬ್ಬ ಇದೀಯಲ್ಲ ನನಗೆ."

ಸತೀಶ ರಸ್ತೆಯಿಂದ ಕಣ್ಣು ಕೀಳಲಿಲ್ಲ.

ಮನೆಯಲ್ಲಿ ಭೀಮೇಶ್ ಫಿಲ್ಟರನ್ನು ತಿಪ್ಪೆಗೆ ಎಸೆಯಲು ಹೊರಟರೆ ಶಂಕ್ರಮ್ಮ ಬಿಡಲಿಲ್ಲ. ಯಾವುದನ್ನೂ ಬಿಸಾಡಿ ಗೊತ್ತಿಲ್ಲದ ಜೀವ. ಬಟ್ಟೆಕಲ್ಲಿನ ಮೇಲಿಟ್ಟು ಒಂದು ತಂಬಿಗೆ ನೀರು ಸುರಿದು ಬೆರಳಿನಿಂದ ಉಜ್ಜಿದಳು. ಹೂಳು ಕರಗಿ ಇಳಿಯಿತು. ಚೌಕಟ್ಟಿನ ಅಂಚಿನಲ್ಲಿ ಕೆಂಪಗೆ ಏನೋ ಕಂಡಿತು.

"ಹೋದ ದಸರಾಕ್ಕೆ ಸತೀಶ ಹೊಸದು ತಂದು ಹಾಕಿದ್ನಲ್ಲ, ಅದೇ ಅಲ್ಲೇನೋ ಇದು? ನಾನಿಟ್ಟ ಮೂರು ಬೊಟ್ಟೂ ಹಂಗೇ ಅವೆ ನೋಡು!"