ಮೂರನೇ ಪ್ರತಿ

"ಇನ್ನು ಉಳಿದಿರೋದು ಇದೊಂದೇ, ಅಣ್ಣಾ. ಗಟ್ಟಿಯಾಗಿ ಉಸಿರಾಡೋಕೂ ಭಯ ಆಗ್ತಿದೆ," ಎಂದಳು ಸರ್ವರ್ ಕೋಣೆಯ ಎಂಜಿನಿಯರ್.

ಆಸ್ಪತ್ರೆಯ ಹದಿನೆಂಟು ವರ್ಷಗಳ ಸ್ಕ್ಯಾನ್ ಚಿತ್ರಗಳು ಮೂರು ಸರ್ವರುಗಳಲ್ಲಿ ಒಂದೊಂದು ಪ್ರತಿಯಾಗಿ ಕೂತಿದ್ದವು. ಮೊದಲನೆಯದು ನಿನ್ನೆ ಕೈಕೊಟ್ಟಿತು, ಎರಡನೆಯದು ಇವತ್ತು ಬೆಳಿಗ್ಗೆ. ಈಗ ಮೂರನೆಯದರಿಂದ ಹೊಸ ಸರ್ವರಿಗೆ ನಲವತ್ತು ಲಕ್ಷ ಫೈಲುಗಳು ನಕಲಾಗುತ್ತಿದ್ದವು. ಮುಗಿಯಲು ಇನ್ನೂ ಐದು ಗಂಟೆ. ಎಡೆಬಿಡದೆ ಓದಿಸಿಕೊಂಡು ಅದರ ಡಿಸ್ಕುಗಳು ಕಾದ ಹೆಂಚಾಗಿದ್ದವು. ಎಲೆಕ್ಟ್ರಿಷಿಯನ್ ಫ್ಯೂಸಣ್ಣ ಟೇಬಲ್ ಫ್ಯಾನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಅವಕ್ಕೆ ಗಾಳಿ ಹಿಡಿದಿದ್ದ.

ಫೋನ್ ಹೊಡೆದುಕೊಂಡಿತು. ಮೇಲಿನ ಮಹಡಿಯ ಸರ್ಜನ್. "ಟೈಲರಮ್ಮ ಒಬ್ರು ಆಪರೇಷನ್ ಟೇಬಲ್ ಮೇಲಿದ್ದಾರಮ್ಮ. ಹೊಟ್ಟೇಲಿ ಗಡ್ಡೆ. ಒಂಬತ್ತು ವರ್ಷದ ಹಿಂದೆ ಇಲ್ಲೇ ಸ್ಕ್ಯಾನ್ ಮಾಡಿಸಿದ್ದೆ ಅಂತ ಈಗ ಬಾಯಿ ಬಿಡ್ತಿದ್ದಾರೆ! ಅದನ್ನ ನೋಡದೆ ಕೊಯ್ಯೋಕೆ ನನಗೆ ಮನಸ್ಸಿಲ್ಲ. ಹದಿನೈದು ನಿಮಿಷ ಕಾಯ್ತೀನಿ."

ಹುಡುಕಿದಳು. ಆ ಸ್ಕ್ಯಾನಿನ ಸರದಿ ಬರಲು ಇನ್ನೂ ಮೂರು ಗಂಟೆ ಇತ್ತು.

"ಕಾಪಿ ನಿಲ್ಲಿಸಿ ಇದೊಂದನ್ನ ಮೊದಲು ಎಳೀಬೇಕು, ಅಣ್ಣಾ."

"ನಿಲ್ಲಿಸಿದ್ರೆ ಮತ್ತೆ ಏಳುತ್ತೋ ಇಲ್ವೋ ಈ ಮುದುಕಪ್ಪ! ಏನೇ ಆದ್ರೂ ನಿಲ್ಲಿಸಬೇಡ ಅಂದಿದ್ರಲ್ಲ ನಿಮ್ಮ ಬಾಸ್ ಮೇಡಂ?"

"ಅಂದಿದ್ರು. ಟೇಬಲ್ ಮೇಲೆ ಮಲಗಿರೋದು ಮೇಡಂ ಅಲ್ಲವಲ್ಲ," ಎಂದವಳೇ ಕಾಪಿ ನಿಲ್ಲಿಸಿದಳು.

ಡಿಸ್ಕು ಕಟಕಟ ಎಂದಿತು. ಪರದೆ ಒಂದಿಡೀ ನಿಮಿಷ ಅಲ್ಲಾಡಲಿಲ್ಲ. ಅವಳು ಪರದೆಯತ್ತ ಬಾಗಿದಳು. "ಬಾ ನನ್ನಪ್ಪ, ಬಾ..." ಇದ್ದಕ್ಕಿದ್ದಂತೆ ಅಂಕಿ ಕದಲಿತು. ಮುನ್ನೂರು ಚಿತ್ರಗಳಲ್ಲಿ ಹನ್ನೊಂದು. ನೂರಾ ನಾಲ್ಕು. ಇನ್ನೂರ ಎಂಬತ್ತು. ಮುನ್ನೂರು! ಫ್ಯೂಸಣ್ಣ ಕುಣಿದ ರಭಸಕ್ಕೆ ಫ್ಯಾನಿನ ಪ್ಲಗ್ಗೇ ಕಿತ್ತುಬಂತು.

ಅವನು ಅದನ್ನು ಸಿಕ್ಕಿಸುವಷ್ಟರಲ್ಲಿ ಅವಳು ಚಿತ್ರಗಳನ್ನು ಮೇಲಕ್ಕೆ ಕಳಿಸಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. "ಬಂತಮ್ಮ! ಒಂಬತ್ತು ವರ್ಷದಲ್ಲಿ ಆ ಗಡ್ಡೆ ಕೂದಲೆಳೆಯಷ್ಟೂ ಬೆಳೆದಿಲ್ಲ. ಅದರ ಪಾಡಿಗೆ ಅದಿರ್ಲಿ, ನಾನು ಕೈ ಹಾಕಲ್ಲ."

ಅವಳು ಕಾಪಿಯನ್ನು ತುಸು ಕಡಿಮೆ ವೇಗದಲ್ಲಿ ಮತ್ತೆ ಶುರು ಮಾಡಿದಳು. ಮುದುಕಪ್ಪ ಗೊಣಗುತ್ತಲೇ ಎದ್ದ. ಸಂಜೆ ಏಳಕ್ಕೆ ಎರಡೂ ಕಡೆಯ ಲೆಕ್ಕ ಕೊನೆಯ ಫೈಲಿನವರೆಗೂ ತಾಳೆಯಾದಾಗ ಅವಳು ಕುರ್ಚಿಯಲ್ಲೇ ಮೂರು ಸುತ್ತು ಗಿರ್ರನೆ ತಿರುಗಿದಳು. ಇನ್ನೊಂದು ಪ್ರತಿಗೆ ಆಜ್ಞೆ ಕೊಟ್ಟು, ಫ್ಯೂಸಣ್ಣನನ್ನು ಎಳೆದುಕೊಂಡು ಟೀ ಕುಡಿಯಲು ಹೊರಬಂದಳು.

ಗೇಟಿನ ಬಳಿ ಹೆಂಗಸೊಬ್ಬಳು ಗಂಡನ ಮುಂದೆ ರೇಗಾಡುತ್ತಿದ್ದಳು. "ಬೆಳಗಿಂದ ತೊಟ್ಟು ನೀರು ಕೊಡದೆ ಮಲಗಿಸಿಬಿಟ್ಟು, ಕೊನೆಗೆ ಏನೂ ಮಾಡ್ಲಿಲ್ಲ ನೋಡಿ! ಅಷ್ಟರಲ್ಲಿ ಎರಡು ಅಂಗಿ ಹೊಲಿದು ಬಿಸಾಕ್ತಿದ್ದೆ!"