ಐದನೇ ಟೇಬಲ್ಲಿನ ಒಂಬತ್ತು ವೋಲ್ಟ್

ಮೇ ತಿಂಗಳ ಬಿರುಬಿಸಿಲು, ಬೆಳಗಿನ ಹತ್ತು ಗಂಟೆ... ಪ್ರಾಕ್ಟಿಕಲ್ ಪರೀಕ್ಷೆಗೆ ಲ್ಯಾಬಿನ ಬಾಗಿಲು ತೆಗೆದವನು ನಾನೇ.

ಗದಗಿನ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೊಂಬತ್ತು ವರ್ಷ ಅಟೆಂಡರ್ ಆಗಿದ್ದವನು ನಾನು. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಲ್ಯಾಬಿನ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು.

ಯಾವ ಮಷೀನು ಯಾವ ವರ್ಷ ಬಂತು, ಯಾವುದು ಯಾರ ಕೈಯಿಂದ ಬಿತ್ತು... ಎಲ್ಲ ಇವತ್ತಿಗೂ ನೆನಪಿದೆ.

ಐದನೇ ಟೇಬಲ್ಲಿನ ಪವರ್ ಸಪ್ಲೈ, ಅಂದರೆ ಕರೆಂಟು ಕೊಡುವ ಪೆಟ್ಟಿಗೆ, ಎರಡು ವರ್ಷದ ಹಿಂದೆಯೇ ಕೆಟ್ಟಿತ್ತು. ಮುಖದ ಮೇಲೆ ಹನ್ನೆರಡು ವೋಲ್ಟ್ ಎಂದು ತೋರಿಸುತ್ತಿತ್ತು... ತಂತಿಯ ತುದಿಗೆ ಬರುತ್ತಿದ್ದದ್ದು ಒಂಬತ್ತು.

ಹುಡುಗರು ಆ ಟೇಬಲ್ಲಿಗೆ 'ಅತ್ತಿ ಮನಿ' ಅಂತ ಹೆಸರಿಟ್ಟಿದ್ದರು. ಅಲ್ಲಿ ಏನು ಮಾಡಿದರೂ ತಪ್ಪೇ!

ಆದರೂ ಯಾರೂ ಫೇಲ್ ಆಗುತ್ತಿರಲಿಲ್ಲ. ಸೀನಿಯರ್‌ಗಳ ರೆಕಾರ್ಡ್ ಬುಕ್ಕಿನ ಝೆರಾಕ್ಸ್ ಇರುತ್ತಿತ್ತಲ್ಲ... ಅದರಲ್ಲಿದ್ದ ರೀಡಿಂಗ್ ಬರೆದರೆ ಮುಗಿಯಿತು.

ಹಾಗೆ ಬರೆಯದವಳು ಒಬ್ಬಳೇ. ಎರಡನೇ ವರ್ಷದ ದಾನೇಶ್ವರಿ.

ತಂದೆ ಇಲ್ಲದ ಹುಡುಗಿ. ಒಂದು ಟ್ರಸ್ಟಿನ ಹಾಸ್ಟೆಲ್ಲಿನಲ್ಲಿ ಪುಕ್ಕಟೆ ಜಾಗ ಸಿಕ್ಕಿತ್ತು. ಒಂದೇ ವಿಷಯ ಫೇಲಾದರೂ ಆ ಜಾಗ ಹೋಗುತ್ತಿತ್ತು. ಹಾಸ್ಟೆಲ್ ಹೋದರೆ ಓದೂ ಹೋದಂತೆಯೇ... ಅವಳ ಊರಿಗೆ ಇದ್ದದ್ದು ದಿನಕ್ಕೊಂದೇ ಬಸ್ಸು.

"ಎಲ್ಲಾರೂ ಝೆರಾಕ್ಸ್ ನೋಡಿ ಬರೀತಾರಲ್ಲವಾ, ನೀನೂ ಬರದು ಬಿಡು," ಅಂದಿದ್ದೆ ಒಮ್ಮೆ.

"ಬಂದಷ್ಟ ಬರೀತೀನಿ ಕಾಕಾ. ಇಲ್ಲದ್ದು ಬರಿ ಅಂದ್ರ ಪೆನ್ನ ಓಡೂದಿಲ್ಲ ನಂಗ."

"ಕೋರ್ಟಿನ ಸಾಕ್ಷಿ ಬಂದ್ಲು ನೋಡ್ರಲೇ!" ಅಂತ ಹುಡುಗರು ನಕ್ಕಿದ್ದರು. ನಾನೂ ನಕ್ಕಿದ್ದೆ.

ಪರೀಕ್ಷೆಯ ದಿನ ಟೇಬಲ್ಲಿಗೆ ಚೀಟಿ ಎತ್ತಬೇಕು. ಅವಳು ಎತ್ತಿದಳು... ಐದು.

"ನಡಿಯವಾ ಅತ್ತಿ ಮನಿಗೆ!" ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಹತ್ತು ನಿಮಿಷಕ್ಕೆ ಅವಳು ಎದ್ದು ನಿಂತಳು. "ಸರ್, ಈ ಸಪ್ಲೈ ಸರಿ ಇಲ್ರಿ. ಒಂಬತ್ತ ಬರಾಕತ್ತೈತಿ. ಬ್ಯಾರೇದು ಕೊಡ್ರಿ."

ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಅಲ್ಲೇ ಇದ್ದರು. ನಮ್ಮ ಎಚ್‌ಓಡಿ ಸಾಹೇಬರ ಮುಖ ಕಪ್ಪಿಟ್ಟಿತು. ಮೇಂಟೆನೆನ್ಸ್ ರಿಜಿಸ್ಟರ್ ತೆಗೆದು ತೋರಿಸಿದರು.

"ಹೋದ ತಿಂಗಳನ ಚೆಕ್ ಆಗೇತಿ ನೋಡ್ರಿ ಸರ್. 'ಸರಿ ಇದೆ' ಅಂತ ಸಹಿ ಐತಿ."

ಆ ಸಹಿ ನನ್ನದು.

ಇನ್‌ಸ್ಪೆಕ್ಷನ್ ಬರುವ ಮುಂಚೆ ಇಡೀ ವರ್ಷದ ಸಹಿಗಳನ್ನು ಒಂದೇ ಮಧ್ಯಾಹ್ನ ಸಾಹೇಬರು ನನ್ನಿಂದ ಹಾಕಿಸುತ್ತಿದ್ದರು. ಎರಡು ನೀಲಿ ಪೆನ್ನು, ಒಂದು ಕರಿ ಪೆನ್ನು... ಬೇರೆ ಬೇರೆ ದಿನ ಹಾಕಿದಂತೆ ಕಾಣಲಿ ಅಂತ. ಒಂದು ಮಷೀನಿಗೂ ನಾನು ಪ್ಲಗ್ ಹಚ್ಚಿ ನೋಡಿರಲಿಲ್ಲ.

"ಫಕೀರಪ್ಪ ಯಾರು?" ಅಂದರು ಪರೀಕ್ಷಕರು.

"ನಾನ್ರೀ."

"ಇದು ಸರಿ ಐತೇನು?"

ದಾನೇಶ್ವರಿ ನನ್ನ ಕಡೆ ತಿರುಗಿದಳು. "ಹೇಳ್ರಿ ಕಾಕಾ..."

ಕಪಾಟಿನಲ್ಲಿ ಸರಿಯಿರುವ ಸಪ್ಲೈ ಒಂದು ಇತ್ತು. ಕೀಲಿ ನನ್ನ ಸೊಂಟದಲ್ಲಿತ್ತು. ಸಾಹೇಬರ ಕಣ್ಣು ನನ್ನ ಮೇಲಿತ್ತು. ರಿಟೈರ್ ಆಗಲು ಹದಿನಾಲ್ಕು ತಿಂಗಳು ಬಾಕಿ ಇತ್ತು.

"ನಂಗೇನ್ ತಿಳೀತೈತ್ರಿ ಸಾಹೇಬ್ರ... ನಾಕನೇತ್ತ ಕಲತಾಂವ ನಾ," ಅಂದೆ.

ಅವಳು ಮೀಟರ್ ಹಚ್ಚಿ ತೋರಿಸಲು ಹೋದಳು. "ಮೊದಲ ಮೀಟರ್ ಹಿಡಿಯೂದು ಕಲಿ," ಎಂದು ಪರೀಕ್ಷಕರು ಮುಂದೆ ಹೋದರು.

ಅವಳು ತನ್ನ ಜಾಗಕ್ಕೆ ಹೋಗಿ ಒಂಬತ್ತು ಅಂತಲೇ ಬರೆದಳು. ಉಳಿದವರೆಲ್ಲರ ಉತ್ತರ ಬಾಯಿಪಾಠ ಮಾಡಿದ್ದ ಝೆರಾಕ್ಸಿನ ಪುಣ್ಯದಿಂದ ತಾಳೆಯಾಯಿತು. ಅವಳದು ಆಗಲಿಲ್ಲ.

ಫೇಲ್. ಅಂಕದ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ದಿನವೇ, ಸೋಮವಾರದೊಳಗೆ ಜಾಗ ಖಾಲಿ ಮಾಡು ಎಂದು ಹಾಸ್ಟೆಲ್ಲಿನವರು ಹೇಳಿದರು.

ಸೋಮವಾರ ಮಧ್ಯಾಹ್ನ ಅವಳ ತಾಯಿ ಬಂದರು. ಟ್ರಂಕಿನ ಒಂದು ಹಿಡಿ ನಾನು ಹಿಡಿದೆ, ಒಂದು ಹಿಡಿ ಆ ತಾಯಿ. ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ದಾನೇಶ್ವರಿ ಹಾಸಿಗೆಯ ಸುರುಳಿ ಹೊತ್ತು ಹಿಂದೆ ಬರುತ್ತಿದ್ದಳು.

"ಅಷ್ಟ್ಯಾಕ ಹಟಾ ಮಾಡಿದ್ಲೋ ಯವ್ವಾ... ಎಲ್ಲಾರಂಗ ಬರದಿದ್ರ ಮುಗೀತಿತ್ತು," ಅಂದೆ.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಅವರಪ್ಪ ಲೈನ್‌ಮನ್ ಇದ್ರಣ್ಣಾ. 'ಲೈನ್ ಬಂದ್ ಐತಿ' ಅಂತ ಯಾರೋ ಬುಕ್ಕಿನ್ಯಾಗ ಬರದು ಸಹಿ ಮಾಡಿದ್ರು. ನೋಡಲಾರದನ ಬರದಿದ್ರು... ಇವರು ಅದನ್ನ ನಂಬಿ ಕಂಬಾ ಹತ್ತಿದ್ರು. ಲೈನಿನ್ಯಾಗ ಕರೆಂಟ್ ಇತ್ತು."

ನಾನು ಟ್ರಂಕನ್ನು ರಸ್ತೆಯ ಬದಿಗೆ ಇಳಿಸಿದೆ.

ಅಂಥ ಸಹಿಗಳನ್ನು ನಾನು ಎಷ್ಟು ಹಾಕಿದ್ದೆ... ಲೆಕ್ಕವೇ ಇಲ್ಲ.

ಬಸ್ ಹತ್ತುವ ಮುಂಚೆ ದಾನೇಶ್ವರಿ ನನ್ನ ಹತ್ತಿರ ಬಂದಳು. "ನಿಮ್ಮ ಮ್ಯಾಲೆ ನಂಗ ಸಿಟ್ಟಿಲ್ಲ ಕಾಕಾ. ಸಹಿ ಮಾಡು ಅಂದ್ರು, ಮಾಡೀರಿ. ನಿಮಗ ಗೊತ್ತಿದ್ರ ಹೇಳೇ ಹೇಳ್ತಿದ್ರಿ."

ಆಗಲಾದರೂ ಹೇಳಬಹುದಿತ್ತು... ಹೇಳಲಿಲ್ಲ. ಬಸ್ಸು ಹೋಯಿತು.

ರಾತ್ರಿಯೆಲ್ಲ ಹೊರಳಾಡಿ, ಮರುದಿನ ಪ್ರಿನ್ಸಿಪಾಲರ ಮುಂದೆ ನಿಂತೆ. ಸಪ್ಲೈ, ಸಹಿ, ಮೂರು ಪೆನ್ನು... ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನೆ ಸಂಜೀಕ ಮಾರ್ಕ್ಸ್ ಆನ್‌ಲೈನ್ ಹೋಗಿ ಲಾಕ್ ಆದ್ವಲ್ಲೋ ಫಕೀರಪ್ಪ. ನಿನ್ನೆ ಹೇಳಿದ್ರ ಮತ್ತೊಮ್ಮೆ ಪರೀಕ್ಷಾ ಮಾಡಸ್ತಿದ್ವಿ..."

ಐದನೇ ಟೇಬಲ್ಲಿಗೆ ಹೊಸ ಸಪ್ಲೈ ಬಂತು. ಅದರ ಮುಂದೆ ಕೂರಬೇಕಾದವಳು ಮಾತ್ರ ಮತ್ತೆ ಬರಲೇ ಇಲ್ಲ. ಮುಂದಿನ ಪರೀಕ್ಷೆಗೂ ಬರಲಿಲ್ಲ.

*ನೋಡದೆ ಹಾಕಿದ ಸಹಿಗೆ ಬೆಲೆ ತೆರುವವರು ಹಾಕಿದವರಲ್ಲ... ಅದನ್ನು ನಂಬಿದವರು.*

ನೀವು ಕೊನೆಯ ಸಲ ನೋಡದೆ ಸಹಿ ಹಾಕಿದ್ದು ಯಾವುದಕ್ಕೆ? ಅದನ್ನು ಈಗ ಯಾರು ನಂಬಿ ಕೂತಿದ್ದಾರೆ? ಹೇಳುವುದಿದ್ದರೆ ಇವತ್ತೇ ಹೇಳಿ...

ನಾನು ಬಾಯಿ ಬಿಟ್ಟದ್ದು ಮಂಗಳವಾರ. ದಾನೇಶ್ವರಿ ಹೋದದ್ದು ಸೋಮವಾರ.